ಒಂದೇ ಸೂಜಿ ಎಲ್ಲ ಬೇನೆಗೂ ಏಕೆ ನಡೆಯದು?



ಹಿಡಕಲ್ ಜಲಾಶಯದ ಸಮೀಪದ ಒಂದು ಹಳ್ಳಿಯಲ್ಲಿ ದನಗಳಿಗೆ ಲಸಿಕೆ ಹಾಕುವ ದಿನ, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ಒಂದು ಪ್ರಶ್ನೆ ಕೇಳಿದರು.

"ಅಲ್ರೀ ಸಾಹೇಬ್ರ, ಹಿಂದೊಮ್ಮೆ ನಮ್ಮ ಎತ್ತಿಗೆ ಗಂಟಲ ಬ್ಯಾನಿ ಬಂದಿತ್ತು. ಡಾಕ್ಟರು ಲಗೂನ ಬಂದು ಸೂಜಿ ಹಾಕಿದ್ರು, ಮೂರನೇ ದಿನಕ್ಕ ಎತ್ತು ಮೇವು ಮುಟ್ಟಿತು. 2022ರಾಗ ಆಕಳಿಗೆ ಗಂಟಿನ ಬ್ಯಾನಿ ಬಂತು. ನಾನ ಹೋಗಿ ಅದ ಔಷಧ ತಂದು ಹಾಕಿಸಿದೆ. ಆಕಳು ಉಳೀಲಿಲ್ಲ. ಔಷಧ ಖೊಟ್ಟಿ ಇತ್ತೋ, ನಮ್ಮ ದೈವ ಖೊಟ್ಟಿ ಇತ್ತೋ?"

ಔಷಧವೂ ಖೊಟ್ಟಿಯಲ್ಲ, ದೈವವೂ ಖೊಟ್ಟಿಯಲ್ಲ. ಎತ್ತಿಗೆ ಬಂದದ್ದು ಗಳಲೆ ರೋಗ. ಅದನ್ನು ತರುವುದು ಬ್ಯಾಕ್ಟೀರಿಯಾ. ಆಕಳಿಗೆ ಬಂದದ್ದು ಚರ್ಮಗಂಟು ರೋಗ. ಅದನ್ನು ತರುವುದು ವೈರಸ್. ಎರಡೂ ಕಣ್ಣಿಗೆ ಕಾಣವು, ಎರಡೂ ದನವನ್ನು ಕೊಲ್ಲಬಲ್ಲವು. ಆದುದರಿಂದ ನಾವು ಎರಡನ್ನೂ ಒಂದೇ ಎಂದು ತಿಳಿಯುತ್ತೇವೆ. ಆದರೆ ಅವು ಬೆಳೆಯುವ ರೀತಿ ಬೇರೆ, ಹೊರಗೆ ಬಾಳಿ ಉಳಿಯುವ ರೀತಿ ಬೇರೆ. ಆ ಭೇದವನ್ನು ತಿಳಿದವನಿಗೆ ಯಾವ ಬೇನೆಗೆ ಯಾವ ಉಪಾಯ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಈ ಸಲದ ಪಾಠ ಅದೇ.

ತನ್ನ ಒಲೆ ತಾನೇ ಹೊತ್ತು ತರುವ ಬ್ಯಾಕ್ಟೀರಿಯಾ

ನಮ್ಮ ದೇಹ, ಎತ್ತಿನ ದೇಹ, ಜೋಳದ ದಂಟು ಎಲ್ಲವೂ ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಕಟ್ಟಿದವು. ಇಟ್ಟಂಗಿ ಇಟ್ಟಂಗಿ ಸೇರಿ ಮನೆಯಾದಂತೆ. ಬ್ಯಾಕ್ಟೀರಿಯಾ ಮಾತ್ರ ಒಂದೇ ಜೀವಕೋಶದ ಜೀವಿ. ಒಂದು ಮಿಲಿಮೀಟರಿನ ಉದ್ದಕ್ಕೆ ಸಾಲಾಗಿ ನಿಲ್ಲಿಸಿದರೆ ಐನೂರರಿಂದ ಸಾವಿರ ಹಿಡಿಸುತ್ತವೆ. ಇಷ್ಟು ಚಿಕ್ಕದಾದರೂ ಅದು ಪೂರ್ತಿ ಜೀವಿ. ಊಟ ಮಾಡುತ್ತದೆ, ಹೊಲಸು ಬಿಡುತ್ತದೆ, ಬೆಳೆಯುತ್ತದೆ. ಬೆಳೆದ ಮೇಲೆ ನಡುವೆ ಸೀಳಿ ಎರಡಾಗುತ್ತದೆ. ಗಂಡು ಹೆಣ್ಣು ಎಂಬುದಿಲ್ಲ. ಪರಊರಿಗೆ ಹೋಗುವಾಗ ಒಲೆ, ಗಡಿಗೆ, ತವೆ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಹೋಗುವ ಸಂಸಾರದಂತೆ ಅದು. ಹಿಟ್ಟು ನೀರು ಸಿಕ್ಕಿತೆಂದರೆ ಸಾಕು, ಎಲ್ಲಿಯಾದರೂ ಅಡಿಗೆ ಹೂಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ತಾಯಂದಿರು ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಾರಲ್ಲ, ಆ ಒಂದು ಚಮಚ ಹೆಪ್ಪಿನಲ್ಲಿರುವುದೇ ಬ್ಯಾಕ್ಟೀರಿಯಾ. ಬೆಳಗಾಗುವುದರೊಳಗೆ ಅವು ಹಾಲಿನೊಳಗಿನ ಸಕ್ಕರೆಯನ್ನು ತಿಂದು, ಹುಳಿ ಬಿಟ್ಟು, ಪಾತ್ರೆಯ ತುಂಬ ಮೊಸರು ಮಾಡಿರುತ್ತವೆ. ಬೆಚ್ಚಗಿದ್ದರೆ ಬೇಗ, ಚಳಿಗಾಲದಲ್ಲಿ ತಡ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪೇ ಸತ್ತು ಮೊಸರಾಗುವುದಿಲ್ಲ. ಬ್ಯಾಕ್ಟೀರಿಯಾದ ಶಾಸ್ತ್ರದ ಅರ್ಧ ಭಾಗವನ್ನು ನಮ್ಮ ತಾಯಂದಿರು ಪುಸ್ತಕವಿಲ್ಲದೆ ಕಲಿತಿದ್ದಾರೆ.

ಬೆಳೆಯುವ ವೇಗ ಎಷ್ಟೆಂಬುದಕ್ಕೆ ಒಂದು ಲೆಕ್ಕ ಮಾಡೋಣ. ಬೆಚ್ಚಗಿನ ಹಾಲಿನಂಥ ಒಳ್ಳೆಯ ಆಹಾರ ದೊರೆತರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಸಂಜೆ 6 ಗಂಟೆಗೆ ಹೊಲಸು ಕೈಯಿಂದ ನೂರು ಬ್ಯಾಕ್ಟೀರಿಯಾ ಹಾಲಿನ ಕೊಡಕ್ಕೆ ಬಿದ್ದವು ಎನ್ನಿ. 7 ಗಂಟೆಗೆ ಅವು 800. ರಾತ್ರಿ 10ಕ್ಕೆ ನಾಲ್ಕು ಲಕ್ಷ ದಾಟಿರುತ್ತವೆ. ಮಧ್ಯರಾತ್ರಿ 12ಕ್ಕೆ ಎರಡೂವರೆ ಕೋಟಿಗಿಂತ ಹೆಚ್ಚು. ಹೀಗೆಯೇ ಬೆಳೆಯುತ್ತ ಹೋಗುವುದಿಲ್ಲ. ಆಹಾರ ತೀರಿ, ತಾವು ಬಿಟ್ಟ ಹುಳಿಯಲ್ಲಿ ತಾವೇ ತಡೆದು ನಿಲ್ಲುತ್ತವೆ. ಆದರೆ ಡೇರಿಯಲ್ಲಿ ಹಾಲು ಒಡೆದು ತಿರುಗಿ ಬರುವುದಕ್ಕೆ ಇಷ್ಟು ಸಾಕು. ಸಂಜೆಯ ಹಾಲನ್ನು ತಣ್ಣೀರಿನಲ್ಲಿ ಇಳಿಬಿಟ್ಟು ಇಡುವ ಪದ್ಧತಿ ಏಕೆ ಒಳ್ಳೆಯದು ಎಂಬುದು ಈಗ ತಿಳಿಯಿತಷ್ಟೆ. ತಂಪು ಅವನ್ನು ಕೊಲ್ಲುವುದಿಲ್ಲ, ಅವುಗಳ ಗಡಿಬಿಡಿ ಕಡಿಮೆ ಮಾಡುತ್ತದೆ. ಕೊಲ್ಲುವುದು ಕುದಿ.

ಇನ್ನು ನೀರು. ನೀರಿಲ್ಲದೆ ಯಾವ ಸೂಕ್ಷ್ಮಜೀವಿಯೂ ಬೆಳೆಯದು. ಮೆತ್ತನ್ನ ರೊಟ್ಟಿ ಕಟ್ಟಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಹಿಟ್ಟು ಒಂದೇ, ಒಲೆ ಒಂದೇ, ನೀರಿನ ಅಂಶ ಮಾತ್ರ ಬೇರೆ. ಗೋಕಾಕದ ಕರದಂಟು ಕೆಡದೆ ಬಹುದಿನ ಉಳಿಯುವುದಕ್ಕೂ ಇದೇ ಕಾರಣ. ಅದರಲ್ಲಿ ಬೆಲ್ಲ ಹೇರಳ, ನೀರು ಕಡಿಮೆ. ಇರುವ ನೀರನ್ನೂ ಬೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಾವಿಯ ಕುಂದಾ ಹಾಲಿನದು, ಹಸಿಯ ಅಂಶ ಹೆಚ್ಚು, ಆದುದರಿಂದ ಬೇಗ ತಿಂದು ಮುಗಿಸಬೇಕು. (ಅದು ಯಾರ ಮನೆಯಲ್ಲಿಯೂ ಉಳಿಯುವುದಿಲ್ಲ ಎಂಬುದು ಬೇರೆ ಮಾತು.) ಕಬ್ಬಿನ ಹಾಲು ಸಂಜೆಯೊಳಗೆ ಹುಳಿಯುತ್ತದೆ, ಅದನ್ನೇ ಗಾಣದ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡಿದರೆ ಮುಂದಿನ ಹಂಗಾಮಿನವರೆಗೆ ಬಾಳುತ್ತದೆ. ಉಪ್ಪಿನಕಾಯಿಯ ಉಪ್ಪು ಮಾಡುವ ಕೆಲಸವೂ ಇಂಥದೇ.

ಹಗೇವಿನ ಕಾಳಿನಂತೆ ಮಲಗುವ ಬೀಜಕಣ

ಹಾಗಾದರೆ ಬೇಸಿಗೆಯ ಬಿಸಿಲಿನಲ್ಲಿ ನೆಲ ಬಿರಿದು ಒಣಗಿದಾಗ ರೋಗದ ಬ್ಯಾಕ್ಟೀರಿಯಾ ಎಲ್ಲವೂ ಸಾಯಬೇಕಲ್ಲವೇ? ಹೆಚ್ಚಿನವು ಸಾಯುತ್ತವೆ. ಆದರೆ ಕೆಲವು ಜಾತಿಗಳು ಬಲು ಘಾಟಿ. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆ ಇಡುತ್ತಿದ್ದರಲ್ಲ, ಹಾಗೆಯೇ ಈ ಬ್ಯಾಕ್ಟೀರಿಯಾ ತನ್ನ ಜೀವದ ಸಾರವನ್ನೆಲ್ಲ ಒಂದು ಗಟ್ಟಿ ಕವಚದೊಳಗೆ ತುಂಬಿ ಮಲಗಿಬಿಡುತ್ತದೆ. ಇದಕ್ಕೆ ಬೀಜಕಣ ಎನ್ನುತ್ತಾರೆ. ಬೀಜಕಣ ಉಣ್ಣದು, ಬೆಳೆಯದು, ಸಾಯದು. ಬಿಸಿಲಿಗೆ ಬಗ್ಗದು, ಸಾಮಾನ್ಯ ಕುದಿಗೂ ಕೆಲವೊಮ್ಮೆ ಬಗ್ಗದು. ಮಳೆ ಬಂದು, ಹುಲ್ಲಿನೊಡನೆ ಅದು ದನದ ಹೊಟ್ಟೆ ಸೇರಿದ ದಿನ ಎಚ್ಚರವಾಗುತ್ತದೆ.

ನೆರಡಿ ರೋಗ ಇಂಥದು. ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು ಇದರ ಬ್ಯಾಕ್ಟೀರಿಯಾ ಬೀಜಕಣವಾಗುವುದನ್ನು 1876ರಲ್ಲಿ ತೋರಿಸಿಕೊಟ್ಟರು. ಎಷ್ಟು ವರ್ಷ ಅದು ಮಣ್ಣಿನಲ್ಲಿ ಉಳಿದೀತು? ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಸಣ್ಣ ದ್ವೀಪದಲ್ಲಿ ಈ ಬೀಜಕಣಗಳ ಬಾಂಬನ್ನು ಪರೀಕ್ಷಿಸಿದರು. ನಾಲ್ಕು ದಶಕಗಳ ಮೇಲೂ ಆ ನೆಲ ಸುರಕ್ಷಿತವಾಗಲಿಲ್ಲ. ಕೊನೆಗೆ ಔಷಧದಿಂದ ಮಣ್ಣನ್ನೇ ತೊಯ್ಸಿ, 1990ರಲ್ಲಿ ಅಲ್ಲಿ ಕಾಲಿಡಬಹುದು ಎಂದು ಸಾರಿದರು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ನಿನ್ನೆ ಚೆನ್ನಾಗಿದ್ದ ದನ ಒಮ್ಮೆಲೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಅದು ನೆರಡಿ ಇರಬಹುದು. ಅಂಥ ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಲು ಯಾರಿಗೂ ಕೊಡಬೇಡಿ. ಹೆಣದೊಳಗೆ ಇರುವವರೆಗೆ ಆ ಬ್ಯಾಕ್ಟೀರಿಯಾ ಬೀಜಕಣವಾಗುವುದು ಕಡಿಮೆ. ಕೊಯ್ದು ಗಾಳಿ ತಾಗಿತೆಂದರೆ ಕೋಟಿಗಟ್ಟಲೆ ಬೀಜಕಣ ನಿಮ್ಮ ಹೊಲದ ಮಣ್ಣಿಗೆ ಬಿದ್ದವು. ಸುಲಿದವನಿಗೂ, ಮಾಂಸ ಮುಟ್ಟಿದವನಿಗೂ ಈ ರೋಗ ಹತ್ತುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು. ಚರ್ಮದ ನಾಲ್ಕು ಕಾಸಿಗಾಗಿ ಮೊಮ್ಮಕ್ಕಳ ಕಾಲದವರೆಗೆ ಹೊಲ ಕೆಡಿಸಿಕೊಳ್ಳುವುದು ಲೆಕ್ಕಕ್ಕೆ ಕೂಡುವ ಮಾತಲ್ಲ.

ಎಳೆಯ, ಮೈತುಂಬಿದ ದನಗಳಿಗೆ ಬರುವ ಚಪ್ಪೆ ಬೇನೆಯೂ ಮಣ್ಣಿನ ಬೀಜಕಣದಿಂದಲೇ. ತೊಡೆ ಬಾತು, ಒತ್ತಿದರೆ ಚರಚರ ಎನ್ನುತ್ತದೆ. ಆಗಸ್ಟ್ 2019ರಲ್ಲಿ ಘಟಪ್ರಭಾ, ಹಿರಣ್ಯಕೇಶಿ ನದಿಗಳು ಉಕ್ಕಿ ಗೋಕಾಕ, ಸಂಕೇಶ್ವರಗಳ ಓಣಿಗಳಿಗೆ ನೀರು ನುಗ್ಗಿದ್ದನ್ನು ಮರೆತವರಿಲ್ಲ. ಅಂಥ ನೆರೆ ಹಳೆಯ ಮಣ್ಣನ್ನು ಕದಡಿ ಹೊಸ ಹುಲ್ಲಿನ ಮೇಲೆ ಹಾಸುತ್ತದೆ. ಎತ್ತಿಗೆ ಬಂದಿದ್ದ ಗಳಲೆ ರೋಗದ ಬ್ಯಾಕ್ಟೀರಿಯಾ ಮಾತ್ರ ಬೀಜಕಣ ಮಾಡದು. ಅದು ಚೆನ್ನಾಗಿರುವ ಕೆಲವು ದನಗಳ ಗಂಟಲಲ್ಲೇ ಸುಮ್ಮನೆ ಅಡಗಿದ್ದು, ಮಳೆ, ದಣಿವು, ಮೇವಿನ ಕೊರತೆಗಳಿಂದ ದನ ಸೋತಾಗ ಏಳುತ್ತದೆ. ಚಪ್ಪೆಗೂ ಗಳಲೆಗೂ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸಬೇಕೆನ್ನುವುದು ಇದಕ್ಕಾಗಿಯೇ.

ತಂಬಾಕಿನ ಎಲೆಯಲ್ಲಿ ಸಿಕ್ಕ ವೈರಸ್

ಈಗ ವೈರಸ್. ಇದು ಮೊದಲು ಸಿಕ್ಕಿದ್ದು ಮನುಷ್ಯನ ಮೈಯಲ್ಲಲ್ಲ, ತಂಬಾಕಿನ ಎಲೆಯಲ್ಲಿ. ನಿಪ್ಪಾಣಿ ಸೀಮೆಗೆ ಹೊಂದಿಕೊಂಡಿರುವ ನಮ್ಮ ಹಳ್ಳಿಗಳವರಿಗೆ ತಂಬಾಕು ಹೊಸದಲ್ಲ. ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಪಟ್ಟೆ ಪಟ್ಟೆಯಾಗಿ, ಎಲೆ ಸುಕ್ಕಾಗುವ ರೋಗವೊಂದಿದೆ. ಹಾಲೆಂಡಿನಲ್ಲಿದ್ದ ಮೇಯರ್ ಎಂಬ ವಿಜ್ಞಾನಿ 1886ರಲ್ಲಿ ಇದಕ್ಕೆ ಮೊಸಾಯಿಕ್ ರೋಗ ಎಂದು ಹೆಸರಿಟ್ಟು, ರೋಗದ ಎಲೆಯ ರಸವನ್ನು ಒಳ್ಳೆಯ ಗಿಡಕ್ಕೆ ತಾಗಿಸಿದರೆ ಅದಕ್ಕೂ ರೋಗ ಬರುತ್ತದೆ ಎಂದು ತೋರಿಸಿದ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಆ ರಸವನ್ನು ಪಿಂಗಾಣಿಯ ಸೋಸುಗದಲ್ಲಿ ಸೋಸಿದ. ಆ ಪಿಂಗಾಣಿಯ ರಂಧ್ರಗಳು ಬ್ಯಾಕ್ಟೀರಿಯಾ ಕೂಡ ನುಸುಳಲಾಗದಷ್ಟು ಸಣ್ಣವು. ಸೋಸಿದ ತಿಳಿ ರಸದಲ್ಲಿ ರೋಗ ಇರಬಾರದಾಗಿತ್ತು. ಆದರೆ ಇತ್ತು! 1898ರಲ್ಲಿ ಹಾಲೆಂಡಿನ ಬೈಯೆರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೆಯದೇ ವಸ್ತು ಎಂದು ಸಾರಿ, ಅದನ್ನು ವೈರಸ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ವಿಷ ಎಂದರ್ಥ.

ಅದೇ 1898ರಲ್ಲಿ ಜರ್ಮನಿಯಲ್ಲಿ ಲೋಫ್ಲರ್, ಫ್ರಾಶ್ ಎಂಬಿಬ್ಬರು ದನಗಳ ಕಾಲುಬಾಯಿ ಬೇನೆಯ ಗುಳ್ಳೆಯ ನೀರನ್ನು ಹೀಗೆಯೇ ಸೋಸಿ ನೋಡಿದರು. ಅದೂ ಸೋಸುಗದಿಂದ ಪಾರಾಯಿತು. ಪ್ರಾಣಿಗಳಲ್ಲಿ ಮೊದಲು ಕಂಡುಬಂದ ವೈರಸ್ ಅದು. ಹೀಗೆ ಜಗತ್ತಿಗೆ ಮೊದಲು ಪರಿಚಯವಾದ ಎರಡು ವೈರಸ್‌ಗಳಲ್ಲಿ ಒಂದು ಹೊಲದ್ದು, ಇನ್ನೊಂದು ಕೊಟ್ಟಿಗೆಯದು. ಎರಡೂ ರೈತನ ಮನೆಯವೇ. ಕಾಲುಬಾಯಿಯ ವೈರಸ್ ಎಷ್ಟು ಚಿಕ್ಕದೆಂದರೆ ಒಂದು ಮಿಲಿಮೀಟರಿನ ಸಾಲಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಬೇಕಾಗುತ್ತವೆ.

1935ರಲ್ಲಿ ಇನ್ನೊಂದು ಆಶ್ಚರ್ಯವಾಯಿತು. ಅಮೇರಿಕೆಯ ಸ್ಟ್ಯಾನ್ಲಿ ಎಂಬ ವಿಜ್ಞಾನಿ ತಂಬಾಕಿನ ವೈರಸ್ಸನ್ನು ಶುದ್ಧ ಮಾಡಿ ಸಕ್ಕರೆಯ ಹರಳಿನಂತೆ ಹರಳು ಮಾಡಿ ತೆಗೆದ. ಬಾಟಲಿಯಲ್ಲಿ ಇಟ್ಟರೆ ಅದು ಪುಡಿ. ಉಣ್ಣದು, ಉಸಿರಾಡದು. ತಂಬಾಕಿನ ಎಲೆಗೆ ಸವರಿದರೆ ಮತ್ತೆ ರೋಗ! ಇದು ಜೀವಿಯೋ ಜಡವೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಆ ವಾದ ನಮಗೆ ಬೇಡ. ಅದು ಹೇಗೆ ಹೆಚ್ಚುತ್ತದೆ ಎಂಬುದು ನಮಗೆ ಬೇಕು.

ಒಂದು ಬೆಲ್ಲದ ಗಾಣವನ್ನು ನೆನೆಯಿರಿ. ಕಬ್ಬು ಅರೆಯುವವರು, ಒಲೆಗೆ ರವದಿ ಹಾಕುವವರು, ಕೊಪ್ಪರಿಗೆ ತಿರುವುವವರು, ಎಲ್ಲರೂ ಗೌಡರ ಹುಕುಂ ಪ್ರಕಾರ ದುಡಿಯುತ್ತಿದ್ದಾರೆ. ಅಷ್ಟರಲ್ಲಿ ಬಾಗಿಲಿನ ಸಂದಿಯಿಂದ ಒಂದು ಚೀಟಿ ಒಳಗೆ ಬಿತ್ತು. ಅದು ಕಳ್ಳ ಹುಕುಂ. "ಬೆಲ್ಲ ಮಾಡುವುದನ್ನು ಬಿಡಿ, ಇದೇ ಚೀಟಿಯನ್ನು ಸಾವಿರ ಪ್ರತಿ ಬರೆಯಿರಿ" ಎಂದು ಅದರಲ್ಲಿದೆ. ಆಳುಗಳಿಗೆ ಗೌಡರ ಹುಕುಂ ಯಾವುದು, ಕಳ್ಳ ಹುಕುಂ ಯಾವುದು ತಿಳಿಯದು. ಕೊಪ್ಪರಿಗೆ ಬಿಟ್ಟು ಎಲ್ಲರೂ ಬರೆಯಲು ಕುಳಿತರು. ಚೀಟಿ ತುಂಬಿ ತುಂಬಿ ಗಾಣದ ಗೋಡೆ ಒಡೆಯಿತು. ಸಾವಿರ ಚೀಟಿಗಳು ಗಾಳಿಗೆ ಹಾರಿ ಸಾವಿರ ಗಾಣಗಳ ಸಂದಿಯಲ್ಲಿ ಬಿದ್ದವು. ಗಾಣವೆಂದರೆ ದನದ ಜೀವಕೋಶ, ಚೀಟಿಯೆಂದರೆ ವೈರಸ್. ಚೀಟಿಗೆ ಕೈಯಿಲ್ಲ, ಕಾಲಿಲ್ಲ, ಒಲೆಯಿಲ್ಲ. ಪರರ ಮನೆಯ ಒಲೆಯೇ ಅದರ ಒಲೆ. ಜೀವವಿರುವ ಕೋಶದ ಹೊರಗೆ ಒಂದೇ ಒಂದು ವೈರಸ್ ಕೂಡ ಎರಡಾಗದು. ಹಾಲಿನಲ್ಲಿ ಬೆಳೆಯದು, ನೀರಿನಲ್ಲಿ ಬೆಳೆಯದು, ತಿಪ್ಪೆಯಲ್ಲಿ ಬೆಳೆಯದು.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಬ್ಯಾಕ್ಟೀರಿಯಾಕ್ಕೆ ಹಾಕುವ ಪೆನಿಸಿಲಿನ್‌ನಂಥ ಔಷಧಗಳು, ಅಂದರೆ ಆಂಟಿಬಯೋಟಿಕ್‌ಗಳು, ಬ್ಯಾಕ್ಟೀರಿಯಾದ ಸ್ವಂತ ಗೋಡೆಯನ್ನು ಕಟ್ಟಗೊಡುವುದಿಲ್ಲ, ಅಥವಾ ಅದರ ಸ್ವಂತ ಒಲೆಯನ್ನು ಕೆಡಿಸುತ್ತವೆ. ದನದ ಜೀವಕೋಶಕ್ಕೆ ಅಂಥ ಗೋಡೆಯಿಲ್ಲ, ಅದರ ಒಲೆಯ ರಚನೆಯೂ ಬೇರೆ. ಆದುದರಿಂದ ದನ ಉಳಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ವೈರಸ್ಸಿಗೆ ಗೋಡೆಯೂ ಇಲ್ಲ, ಒಲೆಯೂ ಇಲ್ಲ. ಔಷಧ ಹೊಡೆಯುವುದಾದರೂ ಯಾವುದಕ್ಕೆ? ಚರ್ಮಗಂಟು, ಕಾಲುಬಾಯಿ ಬೇನೆಗಳಲ್ಲಿಯೂ ವೈದ್ಯರು ಕೆಲವು ಸಲ ಆಂಟಿಬಯೋಟಿಕ್ ಹಾಕುವುದುಂಟು. ಅದು ವೈರಸ್ಸಿಗಲ್ಲ, ಒಡೆದ ಗಂಟು, ಹುಣ್ಣುಗಳೊಳಗೆ ಹಿಂದಿನಿಂದ ಸೇರಿಕೊಳ್ಳುವ ಬ್ಯಾಕ್ಟೀರಿಯಾಕ್ಕೆ. ಯಾವಾಗ ಬೇಕು, ಎಷ್ಟು ದಿನ ಬೇಕು ಎಂಬುದನ್ನು ದನವನ್ನು ನೋಡಿದವರೇ ಹೇಳಬೇಕು. ಅರೆಬರೆ ಹಾಕಿ ಬಿಟ್ಟರೆ ಎಳೆಯವು ಸತ್ತು ಗಟ್ಟಿಯವು ಉಳಿಯುತ್ತವೆ. ಮುಂದೆ ಅದೇ ಔಷಧಕ್ಕೆ ಅವು ಸೊಪ್ಪು ಹಾಕುವುದಿಲ್ಲ. ಸೂಜಿ ಹಾಕಿದ ದನದ ಹಾಲನ್ನು ಎಷ್ಟು ದಿನ ಮಾರಬಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಬೆಳೆಯದಿದ್ದರೂ ಬಾಳುತ್ತದೆ

ಹೊರಗೆ ಬೆಳೆಯದು ಎಂದ ಮಾತ್ರಕ್ಕೆ ಹೊರಗೆ ಬಿದ್ದೊಡನೆ ಸಾಯುತ್ತದೆ ಎಂದು ತಿಳಿಯಬಾರದು. ಚೀಟಿ ಗಾಣದ ಹೊರಗೆ ಬರೆಯದು, ಆದರೆ ಒಣಗಿದ ಜಾಗದಲ್ಲಿ ಬಿದ್ದಿರಬಲ್ಲದು. ಚರ್ಮಗಂಟು ರೋಗದ ಗಂಟು ಒಣಗಿ ಉದುರುವ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳಿಗೂ ಮೇಲೆ, ಸುಮಾರು 35 ದಿನ, ಉಳಿಯುತ್ತದೆ. ಬೆಳಕು ಬೀಳದ ಕೊಟ್ಟಿಗೆಯಲ್ಲಿ ಇನ್ನೂ ಹೆಚ್ಚು ಕಾಲ ಉಳಿದೀತು. ಬಿಸಿಲು ಅದಕ್ಕೆ ವೈರಿ. ಅದರ ಮೈಮೇಲೆ ಜಿಡ್ಡಿನ ಒಂದು ಹೊದಿಕೆ ಇರುವುದರಿಂದ ಸಾಬೂನು ನೀರೂ ವೈರಿ. ಜಿಡ್ಡು ಕರಗಿತೆಂದರೆ ವೈರಸ್ ಕೆಟ್ಟಿತು. ಹುಚ್ಚುನಾಯಿ ರೋಗದ ವೈರಸ್ಸಿಗೂ ಇಂಥ ಜಿಡ್ಡಿನ ಹೊದಿಕೆಯೇ. ನಾಯಿ ಕಚ್ಚಿದ ಗಾಯವನ್ನು ಕೂಡಲೇ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ ಎನ್ನುವುದು ಇದಕ್ಕೇ. ತೊಳೆದು ಮನೆಯಲ್ಲಿ ಕೂಡಬಾರದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಳ್ಳಬೇಕು. ಲಕ್ಷಣ ಕಂಡ ಮೇಲೆ ಆ ರೋಗಕ್ಕೆ ಮದ್ದಿಲ್ಲ.

ಕಾಲುಬಾಯಿಯ ವೈರಸ್ಸಿಗೆ ಜಿಡ್ಡಿನ ಹೊದಿಕೆಯಿಲ್ಲ. ಅದಕ್ಕೆ ಬರೀ ಸಾಬೂನು ಸಾಲದು. ಆದರೆ ಅದು ಹುಳಿಯನ್ನೂ ತಾಳದು, ಖಾರವನ್ನೂ ತಾಳದು. ಇಲ್ಲಿ ಖಾರವೆಂದರೆ ಮೆಣಸಿನಕಾಯಿಯಲ್ಲ, ಬಟ್ಟೆ ತೊಳೆಯುವ ಸೋಡಾ. ಹತ್ತು ಲೀಟರಿನ ಬಕೆಟ್ಟಿಗೆ 400 ಗ್ರಾಂ ಸೋಡಾ ಕರಗಿಸಿ, ಮೊದಲು ಸಗಣಿ ಬಳಿದು ತೆಗೆದ ನೆಲ, ಗೋದಲಿ, ನೀರಿನ ದೋಣಿಗಳನ್ನು ತೊಳೆಯಬೇಕು. ದೋಣಿಯನ್ನು ಆಮೇಲೆ ಒಳ್ಳೆಯ ನೀರಿನಿಂದ ತೊಳೆಯಿರಿ. ಸಗಣಿಯ ಮೇಲೆಯೇ ಔಷಧ ಚೆಲ್ಲಿದರೆ ಔಷಧ ಸಗಣಿಗೆ ಹೋಯಿತು, ವೈರಸ್ ಅಡಿಯಲ್ಲಿ ಉಳಿಯಿತು.

ಎಲ್ಲಕ್ಕಿಂತ ಗಟ್ಟಿಯದು ಆ ಮೊದಲನೆಯ ತಂಬಾಕಿನ ವೈರಸ್. ಒಣಗಿದ ಎಲೆಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಬೀಡಿಯಲ್ಲಿ, ಚೀಲದ ತಂಬಾಕಿನಲ್ಲಿ ಕೂಡ ಇರಬಲ್ಲದು. ಅದು ತಂಬಾಕಿಗಷ್ಟೇ ಅಲ್ಲ, ಟೊಮೆಟೊಕ್ಕೆ, ಮೆಣಸಿನ ಗಿಡಕ್ಕೂ ಹತ್ತುತ್ತದೆ. ಸಂಕೇಶ್ವರಿ ಮೆಣಸಿನಕಾಯಿಯ ಹೆಸರು ಹೊತ್ತ ಸೀಮೆಯಲ್ಲಿ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಅಗಿ ಹಚ್ಚುವಾಗ ತಂಬಾಕು ತಿಕ್ಕಿ ಬಾಯಿಗೆ ಹಾಕಿ, ಅದೇ ಕೈಯಿಂದ ಸಸಿ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಸಸಿಯ ಎಲೆಯಲ್ಲಿ ಕೂದಲೆಳೆಯಷ್ಟು ಗಾಯವಾದರೂ ವೈರಸ್ಸಿಗೆ ಅದೇ ಬಾಗಿಲು. ಅಗಿ ಮುಟ್ಟುವ ಮೊದಲು ಕೈಯನ್ನು ಸಾಬೂನಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ನಡುನಡುವೆ ಹಾಲಿನಲ್ಲಿ ಕೈ ಅದ್ದಿಕೊಂಡರೆ ಈ ವೈರಸ್ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದು ಕಡಿಮೆಯಾಗುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದ ವಿಷಯ. ಕೆನೆ ತೆಗೆದ ಹಾಲು ಸಾಕು. ಆದರೆ ಮೆಣಸಿನ ಎಲೆ ಮುದುಡಿದ್ದೆಲ್ಲ ವೈರಸ್ ಅಲ್ಲ. ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ ಇರಬಹುದು. ಎಲೆಯ ಬೆನ್ನು ನೋಡದೆ ಔಷಧ ತರಬೇಡಿ. ಎಲೆ ಮುದುಡಿಸುವ ವೈರಸ್ಸನ್ನು ಹೊತ್ತು ತರುವುದು ಬಿಳಿ ನೊಣ. ಅಲ್ಲಿ ನೊಣವನ್ನು ತಡೆಯಬೇಕು, ರೋಗದ ಗಿಡವನ್ನು ಕಿತ್ತು ಸುಡಬೇಕು. ವೈರಸ್ ಸೇರಿದ ಗಿಡವನ್ನು ಗುಣಪಡಿಸುವ ಔಷಧ ಯಾವ ಅಂಗಡಿಯಲ್ಲಿಯೂ ಇಲ್ಲ. ಇದೆ ಎಂದು ಮಾರುವವರು ಇದ್ದಾರೆ.

ಕಾವಲುಗಾರನಿಗೆ ಕಳ್ಳನ ಮುಖ ತೋರಿಸುವುದು

ವೈರಸ್ಸಿಗೆ ಔಷಧವಿಲ್ಲವಾದರೆ ದನ ಗುಣವಾಗುವುದು ಹೇಗೆ? ದನದ ಮೈಯಲ್ಲಿಯೇ ಕಾವಲುಪಡೆಯಿದೆ. ಕಳ್ಳ ಹುಕುಮನ್ನು ಅದು ಗುರುತು ಹಿಡಿದರೆ ಹೊಡೆದು ಹಾಕುತ್ತದೆ. ಗುರುತು ಸಿಕ್ಕಲು ಒಂದೆರಡು ವಾರ ಬೇಕು, ಅಷ್ಟರಲ್ಲಿ ವೈರಸ್ ತನ್ನ ಕೆಲಸ ಮುಗಿಸುವುದುಂಟು. ಲಸಿಕೆಯೆಂದರೆ ಕಳ್ಳ ಬರುವ ಮೊದಲೇ ಅವನ ಮುಖವನ್ನು ಕಾವಲುಗಾರನಿಗೆ ತೋರಿಸಿಡುವುದು. ಕೊಂದ ವೈರಸ್, ಇಲ್ಲವೆ ಬಲ ಕುಂದಿಸಿದ ವೈರಸ್, ಇಲ್ಲವೆ ಅದರ ಸಾಧು ಸ್ವಭಾವದ ಸೋದರ ವೈರಸ್ಸನ್ನು ಸೂಜಿಯಿಂದ ಹಾಕುತ್ತಾರೆ.

ಸೋದರನನ್ನು ಬಳಸುವ ಉಪಾಯ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಆಕಳ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆದ. ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಮೈದಾನವಿದೆಯಲ್ಲ, ಅಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಿಡುಬಿನ ಲಸಿಕೆಯನ್ನು ಆಗ ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದರು. ಕರು ಏಕೆ ಬೇಕಿತ್ತು? ವೈರಸ್ ಗಡಿಗೆಯಲ್ಲಿ ಬೆಳೆಯದು, ಜೀವವಿರುವ ಕೋಶದಲ್ಲಿಯೇ ಬೆಳೆಯಬೇಕು ಎಂದು ಈಗ ತಾನೇ ಓದಿದಿರಿ. ಮೈಲಿ ಎಂದೂ ದೇವಿ ಎಂದೂ ಕರೆದು ಊರಿಗೆ ಊರೇ ಹೆದರುತ್ತಿದ್ದ ಆ ಸಿಡುಬು ಭಾರತದಲ್ಲಿ 1975ರಲ್ಲಿ ಕೊನೆಗೊಂಡಿತು. ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಸಾರಲಾಯಿತು.

ದನಗಳ ದೊಡ್ಡಬೇನೆಯ ಕಥೆಯೂ ಹಾಗೆಯೇ. ಅಜ್ಜಂದಿರನ್ನು ಕೇಳಿ, ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು ಎನ್ನುತ್ತಾರೆ. ಅದೂ ವೈರಸ್. 1954ರಲ್ಲಿ ದೇಶದಲ್ಲಿ ಅದರ ನಿರ್ಮೂಲನ ಕಾರ್ಯಕ್ರಮ ಆರಂಭವಾಗಿ, ಊರೂರು ತಿರುಗಿ ಲಸಿಕೆ ಹಾಕಿದರು. 1995ರ ಮೇಲೆ ಭಾರತದಲ್ಲಿ ಅದು ಕಾಣಲಿಲ್ಲ. 2011ರಲ್ಲಿ ಜಗತ್ತಿನಿಂದಲೇ ಹೋಯಿತು. ಅದಕ್ಕೂ ಔಷಧ ಕೊನೆಯವರೆಗೂ ಸಿಗಲಿಲ್ಲ ಎಂಬುದನ್ನು ಗಮನಿಸಿ. ಲಸಿಕೆಯೊಂದರಿಂದಲೇ ಹೋಯಿತು.

ಚರ್ಮಗಂಟು ರೋಗ 1929ರಲ್ಲಿ ಆಫ್ರಿಕೆಯ ಜಾಂಬಿಯಾದಲ್ಲಿ ಮೊದಲು ಕಂಡದ್ದು, 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶದಲ್ಲಿ ತಲೆಹಾಕಿತು. 2022ರಲ್ಲಿ ಕರ್ನಾಟಕದಲ್ಲಿ ಸಾವಿರಾರು ದನ ಸತ್ತವು. ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಇದನ್ನು ಹೊತ್ತು ತಿರುಗುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳು. ಮನುಷ್ಯರಿಗೆ ಇದು ಬರುವುದಿಲ್ಲ. ಇದಕ್ಕೆ ನಮ್ಮಲ್ಲಿ ಹಾಕಿದ್ದು ಆಡುಗಳ ಸಿಡುಬಿನ ಲಸಿಕೆ. ಆಡಿನ ಲಸಿಕೆ ಆಕಳಿಗೇಕೆ ಎಂದು ಆಗ ಅನೇಕರು ಅನುಮಾನಪಟ್ಟರು. ಎರಡು ವೈರಸ್‌ಗಳೂ ಒಂದೇ ಮನೆತನದವು. ಅಣ್ಣನ ಮುಖ ನೋಡಿದವನು ತಮ್ಮನನ್ನು ಗುರುತಿಸುತ್ತಾನೆ.

ಕಾಲುಬಾಯಿ ಲಸಿಕೆಯನ್ನು ಮಾತ್ರ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಆ ವೈರಸ್ಸಿನಲ್ಲಿ ಹಲವು ಬಗೆ. ಅದರ ಲಸಿಕೆಯ ನೆನಪು ದನದ ಮೈಯಲ್ಲಿ ಬಹುಕಾಲ ನಿಲ್ಲದು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಹಾಕುತ್ತಿದ್ದಾರೆ. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಹಾಲು ಕಡಿಮೆಯಾಗುವುದುಂಟು. ಅದಕ್ಕೆಂದೇ ಹಾಲು ಕೊಡುವ ಎಮ್ಮೆಯನ್ನು ಹಿತ್ತಲಲ್ಲಿ ಬಚ್ಚಿಡುವವರನ್ನು ನಾನು ನೋಡಿದ್ದೇನೆ. ಕಾಲುಬಾಯಿ ಬಂದ ಎಮ್ಮೆಯ ಹಾಲು ಎಷ್ಟು ತಿಂಗಳು ಹೋಗುತ್ತದೆ, ಬಿತ್ತುವ ಹೊತ್ತಿಗೆ ಎತ್ತು ಕುಂಟಿದರೆ ಬಾಡಿಗೆಯ ಜೋಡಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕವನ್ನು ಅವರೇ ಮಾಡಲಿ.

ಕಟ್ಟೆಯ ಮೇಲಿನ ಹಿರಿಯರು ಇಷ್ಟನ್ನೂ ಸುಮ್ಮನೆ ಕೇಳಿ, ಕೊನೆಗೆ ಇನ್ನೊಂದು ಮಾತು ಕೇಳಿದರು. "ಅಕಿ ಕಟ್ಟಿದ ಗೂಟದಾಗ ಇನ್ನೊಂದು ಆಕಳ ತಂದು ಕಟ್ಟಬೇಕಂತೀನ್ರಿ. ಮನ್ಯಾಗ ಬ್ಯಾಡ ಅಂತಾರ. ಕಟ್ಟಬಹುದೇನ್ರಿ?"

ಗೂಟದಲ್ಲಿ ದೋಷವಿಲ್ಲ ಎಂದೆ. ಆ ಆಕಳು ಸತ್ತು ಬಹಳ ದಿನವಾಗಿತ್ತು, ಹಕ್ಕಳೆಯೊಳಗಿನ ವೈರಸ್ ಅಷ್ಟು ಕಾಲ ಉಳಿಯದು. ಆದರೂ ಹಳೆಯ ಹಗ್ಗ ಸುಟ್ಟು, ಕೊಟ್ಟಿಗೆಯ ಮೂಲೆಯ ಹಳೆಯ ಮೇವು ತೆಗೆದು, ನೆಲವನ್ನು ಸಾಬೂನು ನೀರಿನಿಂದ ತೊಳೆದು, ಒಂದು ಹಂಚು ಸರಿಸಿ ಬಿಸಿಲು ಬೀಳುವಂತೆ ಮಾಡಲು ಹೇಳಿದೆ. ತರುವ ಆಕಳಿಗೆ ಲಸಿಕೆಯಾಗಿದೆಯೋ ಎಂದು ಕೇಳಿ ತರಬೇಕು. ತಂದ ಮೇಲೆ 28 ದಿನ ಅದನ್ನು ಬೇರೆ ದನಗಳೊಡನೆ ಕಟ್ಟದೆ, ಬೇರೆ ನೀರು, ಬೇರೆ ಮೇವು ಕೊಟ್ಟು ನೋಡಬೇಕು; ಮೈಯಲ್ಲಿ ಅಡಗಿದ ರೋಗವಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಹಿರಿಯರು ಬೆರಳು ಮಡಿಚಿ ದಿನ ಎಣಿಸಿದರು. "ಹಂಗಾದ್ರ ಅಮಾಸಿ ಮುಂದ ತಂದ್ರ ಮುಂದಿನ ಅಮಾಸಿ ತನಕ ಹಿತ್ತಲದಾಗ ಕಟ್ಟತೇನ್ರಿ" ಎಂದು ಎದ್ದು, ತಮ್ಮ ಎತ್ತಿನ ಹಗ್ಗ ಹಿಡಿದು ಲಸಿಕೆಯ ಸಾಲಿನಲ್ಲಿ ನಿಂತರು.